ಫಿಟ್ಸ್ ನಿಂತಿತು, ತಲೆ ಯಾಕೆ ನಿಧಾನವಾಯಿತು? ಮೂರ್ಛೆ ರೋಗದ ಮಾತ್ರೆ ಮೆದುಳಿನಲ್ಲಿ ಮಾಡುವ ಕೆಲಸ

ಫೆಬ್ರವರಿ ತಿಂಗಳು. ಕೊಡಗಿನ ಪೊನ್ನಂಪೇಟೆ ಹತ್ತಿರ ನಮ್ಮ ಪಕ್ಕದ ತೋಟದಲ್ಲಿ ಕರಿಮೆಣಸು ಕೊಯ್ಲು ನಡೆದಿತ್ತು. ಆ ಮನೆಯ ಹುಡುಗ ಪಿಯುಸಿ ಓದುತ್ತಾನೆ. ಅಂಗಳದಲ್ಲಿ ನಿಂತು ಅಪ್ಪನಿಗೆ ಏನೋ ಹೇಳಲು ಹೊರಟ. "ಅಪ್ಪಾ, ಅದು... ಮರಕ್ಕೆ ಒರಗಿಸ್ತೀವಲ್ಲ, ಅದು..." ಮಾತು ಅಲ್ಲೇ ನಿಂತಿತು. ಎರಡು ಕೈಯನ್ನೂ ಒಂದರ ಮೇಲೊಂದು ಇಟ್ಟು ಹತ್ತುವ ಹಾಗೆ ಮಾಡಿ ತೋರಿಸಿದ. ಏಣಿ ಅನ್ನುವ ಪದ ಅವನಿಗೆ ಸಿಗಲಿಲ್ಲ. ಹುಟ್ಟಿದಾಗಿನಿಂದ ಏಣಿ ನೋಡಿಕೊಂಡೇ ಬೆಳೆದವನು.

ಅವನಿಗೆ ಫಿಟ್ಸ್ ಮಾತ್ರೆ ಶುರುವಾಗಿ ಆರು ವಾರ ಆಗಿತ್ತು. ಆಮೇಲೆ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ಅವರಮ್ಮ ನನ್ನನ್ನು ಕೇಳಿದರು: "ಫಿಟ್ಸ್ ನಿಂತಿತು, ಸರಿ. ಜೊತೆಗೆ ತಲೆಯೂ ಯಾಕೆ ನಿಂತಿತು?"

ನಾನು ಡಾಕ್ಟರಲ್ಲ, ಓದಿ ಬರೆಯುವವನು. ಆದರೆ ಈ ಪ್ರಶ್ನೆ ಕೇಳುವವರು ಅವರೊಬ್ಬರೇ ಅಲ್ಲ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆ ರೋಗ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಮಾತ್ರೆ ನುಂಗುವವರ ಮನೆಗಳಲ್ಲೆಲ್ಲ ಒಂದಲ್ಲ ಒಂದು ದಿನ 'ಮಂಕು' ಅನ್ನುವ ಪದ ಕೇಳಿಬರುತ್ತದೆ.

ಸಂತೆ ಪೂರ್ತಿ ಒಂದೇ ಮಾತು ಕೂಗಿದರೆ

ಭಾನುವಾರ ಗೋಣಿಕೊಪ್ಪದ ಸಂತೆಗೆ ಹೋಗಿದ್ದೀರಾ? ಒಬ್ಬ ಹಸಿಮೆಣಸಿನಕಾಯಿಯ ಬೆಲೆ ಕೂಗುತ್ತಾನೆ. ಇನ್ನೊಬ್ಬಳು ಒಣಮೀನಿಗೆ ಚೌಕಾಸಿ ಮಾಡುತ್ತಾಳೆ. ಮತ್ಯಾರೋ ಚಿಲ್ಲರೆ ಕೇಳುತ್ತಾರೆ. ದೂರದಿಂದ ಬರೀ ಗದ್ದಲ. ಹತ್ತಿರ ಹೋದರೆ ಒಂದೊಂದು ಮಾತಿಗೂ ಅರ್ಥ ಇದೆ.

ಮೆದುಳು ಇಂಥ ಒಂದು ಸಂತೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಪ್ರತಿಯೊಂದೂ ಪಕ್ಕದವುಗಳ ಜೊತೆ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳಲ್ಲಿ ಮಾತಾಡುತ್ತದೆ. ಎಲ್ಲವೂ ಬೇರೆ ಬೇರೆ ಮಾತಾಡುವುದರಿಂದಲೇ ಕೆಲಸ ನಡೆಯುತ್ತದೆ.

ಈಗ ಸಂತೆಯ ಒಂದು ಮೂಲೆಯಲ್ಲಿ ಹತ್ತು ಜನ ಒಟ್ಟಿಗೆ "ಹೋ... ಹೋ..." ಎಂದು ಕೂಗಲು ಶುರು ಮಾಡಿದರು ಅಂದುಕೊಳ್ಳಿ. ಪಕ್ಕದವರೂ ಸೇರಿದರು. ನಿಮಿಷದೊಳಗೆ ಸಂತೆ ಪೂರ್ತಿ ಅದೇ ತಾಳಕ್ಕೆ ಕೂಗುತ್ತಿದೆ. ಸದ್ದು ಜಾಸ್ತಿ, ವ್ಯಾಪಾರ ಸೊನ್ನೆ. ಫಿಟ್ಸ್ ಅಂದರೆ ಇದೇ. ಕೂಗು ಕೈಯನ್ನು ಆಡಿಸುವ ಮೂಲೆಯಲ್ಲೇ ನಿಂತರೆ ಕೈ ಮಾತ್ರ ಅದುರುತ್ತದೆ. ನೆನಪಿನ ಮೂಲೆಯಲ್ಲಿ ಎದ್ದರೆ ಮನುಷ್ಯ ಸುಮ್ನೆ ಒಂದೆಡೆ ದಿಟ್ಟಿಸುತ್ತಾ ತುಟಿ ಚಪ್ಪರಿಸಬಹುದು. ಮೆದುಳಿನ ಎರಡೂ ಪಾಲಿಗೆ ಹಬ್ಬಿದರೆ ಎಚ್ಚರ ತಪ್ಪಿ ಬೀಳುತ್ತಾನೆ. ಇಂಥ ಫಿಟ್ಸ್ ಕಾರಣವಿಲ್ಲದೆ ಮತ್ತೆ ಮತ್ತೆ ಬರುವುದನ್ನು ಮೂರ್ಛೆ ರೋಗ, ಅಪಸ್ಮಾರ ಅಥವಾ ಎಪಿಲೆಪ್ಸಿ ಎನ್ನುತ್ತಾರೆ.

ಮೊದಲ ಕೂಗು ಯಾಕೆ ಏಳುತ್ತದೆ? ತಲೆಗೆ ಬಿದ್ದ ಪೆಟ್ಟು, ಹೆರಿಗೆ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟಿದ್ದು, ಪಾರ್ಶ್ವವಾಯು, ಮೆದುಳಿನ ಸೋಂಕು, ಹುಟ್ಟಿನಿಂದ ಬಂದ ಗುಣ, ಹೀಗೆ ಏನೂ ಇರಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಹಂದಿ ಮಾಂಸದ ಊರು ನಮ್ಮದು, ಹಾಗಾಗಿ ಇನ್ನೊಂದು ಮಾತು. ಲಾಡಿಹುಳದ ಮರಿ ಮೆದುಳು ಸೇರಿ ಫಿಟ್ಸ್ ಬರುವುದುಂಟು, ನಿಜ. ಆದರೆ ಆ ಮರಿ ಮೆದುಳಿಗೆ ಹೋಗುವುದು ಹುಳದ ಮೊಟ್ಟೆ ಹೊಟ್ಟೆ ಸೇರಿದಾಗ. ಮೊಟ್ಟೆ ಬರುವುದು ಲಾಡಿಹುಳ ಇರುವ ಮನುಷ್ಯರ ಮಲದಿಂದ, ತೊಳೆಯದ ಕೈ ಮತ್ತು ತೊಳೆಯದ ಸೊಪ್ಪಿನ ಮೂಲಕ. ಪಂದಿಕರಿ ಮುಟ್ಟದ ಮನೆಯಲ್ಲೂ ಇದು ಬರುತ್ತದೆ.

ಇನ್ನು ಕೈಗೆ ಕೀಲಿಕೈ ಕೊಡುವ ವಿಷಯ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತವೆ. ಕೀಲಿಕೈ ಹುಡುಕಿ ತರುವಷ್ಟರಲ್ಲಿ ಅಷ್ಟು ಹೊತ್ತು ಆಗಿರುತ್ತದೆ. ಹೆಸರು ಬರುವುದು ಕಬ್ಬಿಣಕ್ಕೆ.

ಮಾತ್ರೆ ಏನು ಮಾಡುತ್ತದೆ: ಗೇಟು, ಬ್ರೇಕು, ಪೊಟ್ಟಣ

ಫಿಟ್ಸ್ ಮಾತ್ರೆಗಳು ಇಪ್ಪತ್ತಕ್ಕೂ ಜಾಸ್ತಿ ಇವೆ. ಕೆಲಸ ಮಾಡುವ ರೀತಿಯನ್ನು ಮುಖ್ಯವಾಗಿ ಮೂರು ದಾರಿಯಲ್ಲಿ ಅರ್ಥ ಮಾಡಿಕೊಳ್ಳಬಹುದು.

ಮೊದಲನೆಯದು ಗೇಟು. ನರಕೋಶದ ಗೋಡೆಯಲ್ಲಿ ತೀರಾ ಸಣ್ಣ ಬಾಗಿಲುಗಳಿವೆ. ಅವು ತೆರೆದಾಗ ಸೋಡಿಯಂ ಕಣಗಳು ಒಳಗೆ ನುಗ್ಗುತ್ತವೆ, ಆಗ ಮಿಡಿತ ಹುಟ್ಟುತ್ತದೆ. ಬಾಗಿಲು ಒಮ್ಮೆ ತೆರೆದು ಮುಚ್ಚಿದ ಮೇಲೆ ಕ್ಷಣದ ಒಂದು ಸಣ್ಣ ಪಾಲು ಕಾದು ಮತ್ತೆ ತೆರೆಯಲು ತಯಾರಾಗುತ್ತದೆ. ಫೆನಿಟಾಯಿನ್ (ನಮ್ಮಲ್ಲಿ ಎಪ್ಟಾಯಿನ್ ಅಂದರೆ ಬೇಗ ಗೊತ್ತಾಗುತ್ತದೆ), ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್ ಮಾತ್ರೆಗಳು ಈ ಕಾಯುವ ಹೊತ್ತನ್ನು ಸ್ವಲ್ಪ ಉದ್ದ ಮಾಡುತ್ತವೆ. ತೋಟದ ಗೇಟಿಗೆ ಬಿಗಿಯಾದ ಸ್ಪ್ರಿಂಗ್ ಹಾಕಿದ ಹಾಗೆ. ನಿಧಾನವಾಗಿ ಒಬ್ಬೊಬ್ಬರೇ ಹೋಗುವವರಿಗೆ ಅದು ಗೊತ್ತೇ ಆಗುವುದಿಲ್ಲ. ಗುಂಪು ಓಡಿಕೊಂಡು ಬಂದರೆ ಮಾತ್ರ ಸಿಕ್ಕಿಬೀಳುತ್ತದೆ. ಫಿಟ್ಸ್ ಹೊತ್ತಿನ ನರಕೋಶ ಒಂದೇ ಸಮನೆ ಮಿಡಿಯುತ್ತದೆ, ಆದ್ದರಿಂದ ಪೆಟ್ಟು ಹೆಚ್ಚಾಗಿ ಅದಕ್ಕೇ ಬೀಳುತ್ತದೆ. ಮಾಮೂಲಿ ಯೋಚನೆ ಬಹುಪಾಲು ದಾಟಿಕೊಂಡು ಹೋಗುತ್ತದೆ.

ಎರಡನೆಯದು ಬ್ರೇಕು. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ಅದು ನರಕೋಶಕ್ಕೆ "ಸಾಕು, ಸುಮ್ನಿರು" ಎಂದು ಹೇಳುತ್ತದೆ. ಫಿನೊಬಾರ್ಬಿಟಾಲ್ (ಗಾರ್ಡಿನಾಲ್) ಮತ್ತು ಕ್ಲೊಬಜಾಮ್ ಈ ಗಾಬಾದ ಮಾತಿಗೆ ಬಲ ಕೊಡುತ್ತವೆ. ಮಡಿಕೇರಿಯಿಂದ ಸಂಪಾಜೆ ಘಾಟ್ ಇಳಿಯುವಾಗ ಬ್ರೇಕು ಹಗುರವಾಗಿ ಒತ್ತಿಕೊಂಡೇ ಇರುತ್ತೇವಲ್ಲ, ಹಾಗೆ. ಬಸ್ಸು ಹಳ್ಳಕ್ಕೆ ಹೋಗುವುದಿಲ್ಲ, ಆದರೆ ವೇಗವೂ ಇರುವುದಿಲ್ಲ.

ಮೂರನೆಯದು ಪೊಟ್ಟಣ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುವುದು ರಾಸಾಯನಿಕದ ಪುಟ್ಟ ಪೊಟ್ಟಣಗಳಲ್ಲಿ. ಲೆವೆಟಿರಾಸಿಟಮ್ ಈ ಪೊಟ್ಟಣದ ಮೇಲಿರುವ ಒಂದು ಪ್ರೊಟೀನಿಗೆ ಅಂಟಿಕೊಳ್ಳುತ್ತದೆ. ಆಗ ಸುದ್ದಿ ಸುರಿಯುವ ಪ್ರಮಾಣ ಹತೋಟಿಗೆ ಬರುತ್ತದೆ.

ವಾಲ್ಪ್ರೊಯೇಟ್, ಟೋಪಿರಮೇಟ್ ಇಂಥವು ಒಂದಕ್ಕಿಂತ ಹೆಚ್ಚು ಕಡೆ ಕೈ ಹಾಕುತ್ತವೆ.

ಕಕ್ಕಡದ ಪಾಯಸ ಹೇಳುವ ಗುಟ್ಟು

ಆಗಸ್ಟ್ 3ರ ಸುಮಾರಿಗೆ, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ, ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ. ಕಡುನೇರಳೆ ಬಣ್ಣದ ಪಾಯಸ. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ, ಮಕ್ಕಳು ಅದನ್ನೇ ಹೇಳಿಕೊಂಡು ನಗುತ್ತಾರೆ. ಹೊಟ್ಟೆಗೆ ಹೋಗಿದ್ದು ರಕ್ತ ಸೇರಿ ಮೈಯೆಲ್ಲಾ ಸುತ್ತಿಕೊಂಡು ಬಂತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಫಿಟ್ಸ್ ಮಾತ್ರೆಯೂ ಹಾಗೇ. ಕೂಗು ಎದ್ದ ಮೂಲೆ ಮೆದುಳಿನಲ್ಲಿ ಒಂದು ಹೆಬ್ಬೆರಳಷ್ಟು ಜಾಗ ಇರಬಹುದು. ಮಾತ್ರೆಗೆ ಆ ವಿಳಾಸ ಗೊತ್ತಿಲ್ಲ. ಅದು ರಕ್ತದ ಜೊತೆ ಇಡೀ ಮೆದುಳಿಗೆ ಹೋಗುತ್ತದೆ. ನೆನಪಿನ ಜಾಗಕ್ಕೂ ಹೋಗುತ್ತದೆ, ಪದ ಹುಡುಕುವ ಜಾಗಕ್ಕೂ ಹೋಗುತ್ತದೆ. ಗಲಾಟೆ ಮಾಡುವವರ ದನಿ ತಗ್ಗಿಸುವಾಗ, ಮೆಣಸಿನಕಾಯಿ ಮಾರುವವನ ದನಿಯೂ ಒಂಚೂರು ತಗ್ಗುತ್ತದೆ.

ಆ ಅಮ್ಮನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಫಿಟ್ಸ್ ತಡೆಯುವ ಕೆಲಸವೂ ತಲೆ ನಿಧಾನ ಮಾಡುವ ಕೆಲಸವೂ ಬಹುಪಾಲು ಒಂದೇ. ಎರಡರ ನಡುವೆ ಇರುವ ಅಂತರ ಎಷ್ಟು ಅನ್ನುವುದೇ ಪ್ರಶ್ನೆ. ಆ ಅಂತರ ಮಾತ್ರೆಯಿಂದ ಮಾತ್ರೆಗೆ, ಡೋಸಿನಿಂದ ಡೋಸಿಗೆ, ಮನುಷ್ಯನಿಂದ ಮನುಷ್ಯನಿಗೆ ಬೇರೆ.

ಇಇಜಿಯಲ್ಲಿ ಏನು ಕಾಣುತ್ತದೆ

ತಲೆಗೆ ತಂತಿ ಅಂಟಿಸಿ ಮೆದುಳಿನ ಮಿಡಿತ ಬರೆಯುವ ಪರೀಕ್ಷೆ ಇಇಜಿ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೇಲೆ ಇದನ್ನು ಮೊದಲು ಮಾಡಿದರು. ಇದರಲ್ಲಿ ಕರೆಂಟು ಒಳಗೆ ಬಿಡುವುದಿಲ್ಲ, ಒಳಗಿನದನ್ನು ಹೊರಗಿನಿಂದ ಕೇಳಿಸಿಕೊಳ್ಳುತ್ತಾರೆ ಅಷ್ಟೇ. ಸಂತೆಯ ತಗಡಿನ ಮಾಡಿನ ಮೇಲೆ ಕಿವಿಯಿಟ್ಟ ಹಾಗೆ. ಒಬ್ಬೊಬ್ಬರ ಮಾತು ಕೇಳುವುದಿಲ್ಲ, ಒಟ್ಟು ಗದ್ದಲದ ಏರಿಳಿತ ಕೇಳುತ್ತದೆ.

ಕಣ್ಣು ಮುಚ್ಚಿ ಆರಾಮಾಗಿ ಮಲಗಿದ ದೊಡ್ಡವರಲ್ಲಿ ತಲೆಯ ಹಿಂಭಾಗದಿಂದ ಸೆಕೆಂಡಿಗೆ 8ರಿಂದ 13 ಅಲೆಗಳು ಬರುತ್ತವೆ. ಅವು ಆಲ್ಫಾ ಅಲೆಗಳು. ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಈ ಅಲೆಗಳನ್ನು ಸ್ವಲ್ಪ ನಿಧಾನ ಮಾಡಬಲ್ಲವು. ಕ್ಲೊಬಜಾಮ್, ಫಿನೊಬಾರ್ಬಿಟಾಲ್ ತಗೊಳ್ಳುವವರಲ್ಲಿ ಅದಕ್ಕಿಂತ ವೇಗದ ಬೀಟಾ ಅಲೆಗಳು ಜಾಸ್ತಿಯಾಗುತ್ತವೆ. ವೇಗದ ಅಲೆ ಅಂದರೆ ಚುರುಕು ಬುದ್ಧಿ ಅಂದುಕೊಳ್ಳಬೇಡಿ, ಇದು ಬ್ರೇಕಿನ ಗುರುತು. ವಾಲ್ಪ್ರೊಯೇಟ್ ಕೆಲವು ಬಗೆಯ ಮೂರ್ಛೆ ರೋಗದಲ್ಲಿ ಫಿಟ್ಸ್ ಗುರುತಾದ ಮೊನಚಾದ ಕೆಟ್ಟ ಅಲೆಗಳನ್ನೇ ಕಡಿಮೆ ಮಾಡುತ್ತದೆ. ಇನ್ನು ಕೆಲವರಲ್ಲಿ ಫಿಟ್ಸ್ ಪೂರ್ತಿ ನಿಂತಿದ್ದರೂ ಆ ಮೊನಚು ಹಾಗೇ ಉಳಿದಿರುತ್ತದೆ. ರಿಪೋರ್ಟ್ ನೋಡಿ ಮನೆಯವರು ಹೆದರುವುದು ಇಲ್ಲಿಯೇ. ಡಾಕ್ಟರು ನೋಡುವುದು ಕಾಗದವನ್ನೊಂದೇ ಅಲ್ಲ, ಎದುರಿಗೆ ಕೂತವರನ್ನೂ ನೋಡುತ್ತಾರೆ.

ನೂರೈವತ್ತು ವರ್ಷದ ಹುಡುಕಾಟ

ಈ ಮಾತ್ರೆಗಳ ಚರಿತ್ರೆ ಅಂದರೆ ಫಿಟ್ಸನ್ನೂ ಮಂಕನ್ನೂ ಬಿಡಿಸುವ ಪ್ರಯತ್ನ, ಅಷ್ಟೇ. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೊಕಾಕ್ ಬ್ರೋಮೈಡ್ ಉಪ್ಪಿನಿಂದ ಫಿಟ್ಸ್ ಕಡಿಮೆಯಾಗುತ್ತದೆ ಎಂದರು. ಕಡಿಮೆಯಾಯಿತು, ಆದರೆ ಜನ ತೂಕಡಿಸುತ್ತಾ ಕೂತರು. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್, ನಿದ್ದೆಗೆ ಕೊಡುತ್ತಿದ್ದ ಫಿನೊಬಾರ್ಬಿಟಾಲ್ ಫಿಟ್ಸನ್ನೂ ತಡೆಯುತ್ತದೆ ಎಂದು ಕಂಡುಕೊಂಡರು. ಬ್ರೋಮೈಡಿಗಿಂತ ಎಷ್ಟೋ ವಾಸಿ, ಆದರೆ ಹುಟ್ಟಿದ್ದೇ ನಿದ್ದೆ ಮಾತ್ರೆಯಾಗಿ. ನಿದ್ದೆ ತರಿಸದೆ ಫಿಟ್ಸ್ ತಡೆಯಬಹುದು ಎಂದು ಚೆನ್ನಾಗಿ ತೋರಿಸಿದ್ದು 1938ರ ಫೆನಿಟಾಯಿನ್. ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಅದನ್ನು ಬೆಕ್ಕುಗಳ ಮೇಲೆ ಪರೀಕ್ಷಿಸಿದ್ದರು. ಅಲ್ಲಿಂದ ಆ ಅಂತರ ಹಿಗ್ಗುತ್ತಾ ಬಂದಿದೆ, ಪೂರ್ತಿ ಬೇರೆಯಾಗಿಲ್ಲ.

ಫಿನೊಬಾರ್ಬಿಟಾಲ್ ಇವತ್ತಿಗೂ ತುಂಬಾ ಅಗ್ಗ, ಬಡವರ ಕೈಗೆ ಎಟುಕುತ್ತದೆ. ದೊಡ್ಡವರಲ್ಲಿ ತೂಕಡಿಕೆ, ನಿಧಾನ ತರಬಹುದು. ಮಕ್ಕಳಲ್ಲಿ ತಮಾಷೆಯೆಂದರೆ ಉಲ್ಟಾ ಆಗಬಹುದು: ತೂಕಡಿಸುವ ಬದಲು ಒಂದು ಕಡೆ ಕೂರದೆ ಚಡಪಡಿಸುತ್ತಾರೆ, ಓದಿನಲ್ಲಿ ಗಮನ ನಿಲ್ಲುವುದಿಲ್ಲ.

ಫೆನಿಟಾಯಿನ್‌ನದು ಇನ್ನೊಂದು ಕಥೆ. ಅದನ್ನು ಕರಗಿಸಿ ಹೊರಹಾಕುವುದು ಲಿವರ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರನ್ನು ನೆನೆಸಿಕೊಳ್ಳಿ. ಗಂಟೆಗೆ ಇಷ್ಟು ಹಣ್ಣು ಎಂದು ಅದಕ್ಕೊಂದು ಮಿತಿ ಇದೆ. ಮಿತಿಯೊಳಗೆ ಹಾಕಿದರೆ ಬಂದಿದ್ದು ಬಂದ ಹಾಗೆ ಹೋಗುತ್ತದೆ. ಒಂದು ಬುಟ್ಟಿ ಜಾಸ್ತಿಯಾದರೆ ಹಣ್ಣು ರಾಶಿ ಬೀಳಲು ಶುರು. ಫೆನಿಟಾಯಿನ್ ಡೋಸನ್ನು ಸ್ವಲ್ಪವೇ ಏರಿಸಿದರೂ ಕೆಲವರಲ್ಲಿ ರಕ್ತದ ಪ್ರಮಾಣ ದಿಢೀರ್ ಏರುವುದು ಹೀಗೆ. ಆಗ ನಡಿಗೆ ಕುಡಿದವರ ಹಾಗೆ ತೂರಾಡುತ್ತದೆ, ಎರಡೆರಡು ಕಾಣುತ್ತದೆ, ಮಾತು ತೊದಲುತ್ತದೆ. ನಮ್ಮೂರಲ್ಲಿ ತೂರಾಡಿದರೆ ಜನ ಏನು ಅಂದುಕೊಳ್ಳುತ್ತಾರೆ ಎಂದು ಹೇಳಬೇಕಾಗಿಲ್ಲ ಅಲ್ವಾ? ಹಾಗೆ ಆದರೆ ರಕ್ತದಲ್ಲಿ ಮಾತ್ರೆಯ ಪ್ರಮಾಣ ಪರೀಕ್ಷೆ ಮಾಡಿಸಬೇಕು.

ಟೋಪಿರಮೇಟ್‌ಗೆ ಒಂದು ವಿಚಿತ್ರ ಗುಣ ಇದೆ. ಕೆಲವರಲ್ಲಿ ಅದು ಪದಗಳನ್ನು ಅಡಗಿಸಿಡುತ್ತದೆ. ವಸ್ತು ಗೊತ್ತು, ಉಪಯೋಗ ಗೊತ್ತು, ಹೆಸರು ಮಾತ್ರ ನಾಲಿಗೆ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಹುಡುಗ ತಗೊಳ್ಳುತ್ತಿದ್ದದ್ದು ಇದನ್ನೇ. ಡೋಸ್ ದೊಡ್ಡದಾದಷ್ಟು, ಬೇಗ ಬೇಗ ಏರಿಸಿದಷ್ಟು ಇದು ಜಾಸ್ತಿ. ಡೋಸ್ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಪದಗಳು ವಾಪಸ್ ಬರುತ್ತವೆ. ಅವನ ಬುದ್ಧಿ ಎಲ್ಲೂ ಹೋಗಿರಲಿಲ್ಲ.

ಲ್ಯಾಮೊಟ್ರಿಜಿನ್ ಯೋಚನೆಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಆದರೆ ಚರ್ಮದ ಮೇಲೆ ಅಪಾಯದ ಗುಳ್ಳೆ ಏಳಬಹುದಾದ್ದರಿಂದ ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಲೆವೆಟಿರಾಸಿಟಮ್ ಕೂಡ ನೆನಪಿನ ವಿಷಯದಲ್ಲಿ ಒಳ್ಳೆಯ ಹುಡುಗ, ಆದರೆ ಕೆಲವರಿಗೆ ಮೂಗಿನ ತುದಿಯಲ್ಲೇ ಸಿಟ್ಟು ತರಿಸುತ್ತದೆ. ವಾಲ್ಪ್ರೊಯೇಟ್ ಕೈ ನಡುಕ, ತೂಕ ಏರಿಕೆ ತರಬಹುದು. ಅದರ ದೊಡ್ಡ ಎಚ್ಚರಿಕೆ ಇರುವುದು ಹೆಣ್ಣುಮಕ್ಕಳಿಗೆ. ಬಸಿರಿನಲ್ಲಿ ಅದನ್ನು ತಗೊಂಡರೆ ಮಗುವಿನ ಅಂಗಗಳಿಗೂ ಮುಂದೆ ಅದರ ಬುದ್ಧಿಯ ಬೆಳವಣಿಗೆಗೂ ತೊಂದರೆಯಾಗುವ ಸಾಧ್ಯತೆ ಬೇರೆ ಮಾತ್ರೆಗಳಿಗಿಂತ ಹೆಚ್ಚು. ಹಾಗಾಗಿ ಮದುವೆ ಮಾತುಕತೆ ನಡೆಯುವಾಗಲೇ ಡಾಕ್ಟರ ಹತ್ತಿರ ಮಾತಾಡುವುದು ಒಳ್ಳೆಯದು. ಬಸಿರು ಎಂದು ಗೊತ್ತಾದ ದಿನ ಗಾಬರಿಯಿಂದ ತಾವೇ ಮಾತ್ರೆ ಬಿಡುವುದು ತಾಯಿ ಮಗು ಇಬ್ಬರಿಗೂ ಅಪಾಯ.

ಮಂಕಿಗೆ ಮಾತ್ರೆಯೊಂದೇ ಕಾರಣವಾ?

ಅಲ್ಲ. ಇಲ್ಲಿ ನಾವೆಲ್ಲ ಎಡವುತ್ತೇವೆ. ಮಾತ್ರೆ ಕಣ್ಣಿಗೆ ಕಾಣುತ್ತದೆ, ಬೈಯುವುದು ಸುಲಭ.

ಫಿಟ್ಸ್ ಹುಟ್ಟಿಸಿದ ಗಾಯವೇ ನೆನಪಿನ ಜಾಗದಲ್ಲಿದ್ದರೆ ಮಾತ್ರೆ ಶುರುವಾಗುವ ಮೊದಲೇ ಮರೆವು ಇರುತ್ತದೆ. ದೊಡ್ಡ ಫಿಟ್ಸ್ ಆದಮೇಲೆ ಗಂಟೆಗಟ್ಟಲೆ, ಕೆಲವೊಮ್ಮೆ ಒಂದೆರಡು ದಿನ ತಲೆ ಮಂಜು ಕವಿದ ಹಾಗಿರುತ್ತದೆ. ರಾತ್ರಿ ನಿದ್ದೆಯಲ್ಲಿ ಯಾರಿಗೂ ಗೊತ್ತಾಗದೆ ಫಿಟ್ಸ್ ಬರುತ್ತಿರಬಹುದು, ಬೆಳಿಗ್ಗೆ ಮಾತ್ರೆಗೆ ಬೈಗುಳ. ಖಿನ್ನತೆಯೂ ಈ ಕಾಯಿಲೆಯ ಜೊತೆ ಹೆಚ್ಚಾಗಿ ಬರುತ್ತದೆ, ಅದೂ ತಲೆಯನ್ನು ನಿಧಾನ ಮಾಡುತ್ತದೆ.

ಶಾಲೆಯ ಮಕ್ಕಳಲ್ಲಿ ಇನ್ನೊಂದು ಬಗೆ ಇದೆ. ಮಗು ಓದುತ್ತಾ ಓದುತ್ತಾ ಐದು ಹತ್ತು ಸೆಕೆಂಡು ಕಲ್ಲಿನ ಹಾಗೆ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ. ಆಮೇಲೆ ಏನೂ ಆಗದವರ ಹಾಗೆ ಮುಂದುವರಿಸುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಪಾಠದ ಸಾಲು ಸಾಲೇ ಕಾಣೆ. ಟೀಚರ್ ಬೈಯುತ್ತಾರೆ. ಇದೂ ಫಿಟ್ಸ್, ಆಬ್ಸೆನ್ಸ್ ಎಂದು ಹೆಸರು. ಇಂಥ ಮಗುವಿಗೆ ಸರಿಯಾದ ಮಾತ್ರೆ ಸಿಕ್ಕರೆ ಅದು ಮಂಕಾಗುವುದಿಲ್ಲ, ಚುರುಕಾಗುತ್ತದೆ. ಇಲ್ಲೂ ಯಾವ ಮಾತ್ರೆ ಅನ್ನುವುದು ಮುಖ್ಯ. 2010ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ ಎಥೊಸಕ್ಸಿಮೈಡ್ ಮತ್ತು ವಾಲ್ಪ್ರೊಯೇಟ್ ಎರಡೂ ಈ ಫಿಟ್ಸನ್ನು ಹೆಚ್ಚುಕಡಿಮೆ ಒಂದೇ ರೀತಿ ತಡೆದವು. ಆದರೆ ಗಮನದ ತೊಂದರೆ ವಾಲ್ಪ್ರೊಯೇಟ್ ತಗೊಂಡ ಮಕ್ಕಳಲ್ಲಿ 100ಕ್ಕೆ 49, ಎಥೊಸಕ್ಸಿಮೈಡ್ ತಗೊಂಡವರಲ್ಲಿ 33.

ಡಾಕ್ಟರು ಏನೇನು ಬದಲಿಸಬಹುದು

ಬಹಳಷ್ಟು. ಮೊದಲ ಕೆಲವು ವಾರದ ತೂಕಡಿಕೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಮೆದುಳು ಹೊಂದಿಕೊಳ್ಳುತ್ತದೆ. ಇಳಿಯದಿದ್ದರೆ ಡೋಸ್ ಇಳಿಸಬಹುದು. ರಾತ್ರಿಯ ಡೋಸ್ ದೊಡ್ಡದು, ಬೆಳಗಿನದು ಸಣ್ಣದು ಮಾಡಬಹುದು. ಮೂರು ಬಗೆಯ ಮಾತ್ರೆ ಇದ್ದರೆ ಎರಡಕ್ಕೋ ಒಂದಕ್ಕೋ ತರಬಹುದು. ಮಾತ್ರೆಯ ಸಂಖ್ಯೆ ಏರಿದಷ್ಟೂ ಮಂಕು ಏರುವುದು ಮಾಮೂಲು.

ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಫಿಟ್ಸ್. ಪ್ರಪಂಚದಲ್ಲಿ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಅಷ್ಟು ಅಪರೂಪವಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ಜುಲೈ ಚಳಿಯಲ್ಲಿ ಬಚ್ಚಲ ಹಂಡೆಯಿಂದ ಹೊಗೆಯಾಡುವ ನೀರನ್ನು ಚೆಂಬು ಚೆಂಬಾಗಿ ನೆತ್ತಿಗೆ ಹುಯ್ಯುವ ಊರು ನಮ್ಮದು, ಹಾಗಾಗಿ ತಿಳಿದಿರಲಿ. ಇವರಲ್ಲಿ ಕೆಲವರಿಗೆ ದಿನಾ ಮಾತ್ರೆಯೇ ಬೇಕಿಲ್ಲ. ನೀರಿನ ಬಿಸಿ ತಗ್ಗಿಸಿ, ತಲೆ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೊಬಜಾಮ್ ತಗೊಂಡರೆ ಸಾಕಾಗುತ್ತದೆ. ಯಾರಿಗೆ ಸಾಕು ಎಂದು ಹೇಳಬೇಕಾದವರು ವೈದ್ಯರೇ.

ಇಷ್ಟೆಲ್ಲ ಬದಲಿಸಬೇಕಾದರೆ ಅವರಿಗೆ ವಿಷಯ ಗೊತ್ತಾಗಬೇಕು. "ಮಂಕಾಗಿದ್ದಾನೆ ಡಾಕ್ಟ್ರೇ" ಅಂದರೆ ಏನೂ ಗೊತ್ತಾಗುವುದಿಲ್ಲ. ಏನು ಮರೆಯುತ್ತಾನೆ, ದಿನದ ಯಾವ ಹೊತ್ತಿನಲ್ಲಿ, ಮಾತ್ರೆ ನುಂಗಿ ಎಷ್ಟು ಹೊತ್ತಿಗೆ, ಎಂದಿನಿಂದ ಎಂದು ಬರೆದುಕೊಂಡು ಹೋದರೆ ಕೆಲಸಕ್ಕೆ ಬರುತ್ತದೆ. ನಮ್ಮ ಪಕ್ಕದ ಮನೆಯವರು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದರು. ಮೊದಲ ಸಾಲು: "ಏಣಿ." ಅದನ್ನು ಓದಿದ ಮೈಸೂರಿನ ಡಾಕ್ಟರು ಆರೇಳು ವಾರ ಹಿಡಿದು ಹಳೆಯ ಮಾತ್ರೆ ಇಳಿಸುತ್ತಾ ಹೊಸದು ಏರಿಸಿದರು. ಪದಗಳು ವಾಪಸ್ ಬಂದಿವೆ. ಈಗ ಹುಡುಗ ಸಣ್ಣ ಸಣ್ಣದಕ್ಕೂ ರೇಗುತ್ತಾನಂತೆ. ಪುಸ್ತಕದಲ್ಲಿ ಅದನ್ನೂ ಬರೆಯುತ್ತಿದ್ದಾರೆ.

ತಾವೇ ನಿಲ್ಲಿಸಿದರೆ

ಬ್ರೇಕು ಒತ್ತಿಕೊಂಡು ಘಾಟ್ ಇಳಿಯುವ ಬಸ್ಸಿನಲ್ಲಿ ಕಾಲನ್ನು ಒಮ್ಮೆಗೇ ತೆಗೆದ ಹಾಗೆ. ಮೆದುಳು ಮಾತ್ರೆಗೆ ಹೊಂದಿಕೊಂಡಿರುತ್ತದೆ. ದಿಢೀರ್ ಬಿಟ್ಟರೆ ಮೊದಲಿಗಿಂತ ಜೋರಾಗಿ ಫಿಟ್ಸ್ ಬರಬಹುದು, ನಿಲ್ಲದೆಯೂ ಹೋಗಬಹುದು. ಐದು ನಿಮಿಷ ದಾಟಿದ ಫಿಟ್ಸ್ ತುರ್ತು ಪರಿಸ್ಥಿತಿ, ಆಸ್ಪತ್ರೆಗೆ ಓಡಬೇಕು. ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಫಿಟ್ಸ್ ಇಲ್ಲದಿದ್ದರೆ ಕೆಲವರಲ್ಲಿ ಡಾಕ್ಟರೇ ತಿಂಗಳುಗಟ್ಟಲೆ ತಗೊಂಡು ಮಾತ್ರೆ ಇಳಿಸುತ್ತಾರೆ. ಹಬ್ಬದ ದಿನ ಎರಡು ಗ್ಲಾಸ್ ಹಾಕುತ್ತೇನೆ ಎಂದು ಅವತ್ತಿನ ಮಾತ್ರೆ ಬಿಡುವವರಿದ್ದಾರೆ. ಕುಡಿತ, ನಿದ್ದೆಗೇಡು, ಬಿಟ್ಟ ಮಾತ್ರೆ ಮೂರೂ ಒಂದೇ ರಾತ್ರಿ ಸೇರಿದರೆ ಫಿಟ್ಸ್‌ಗೆ ಮಂಟಪ ಕಟ್ಟಿದ ಹಾಗೆ.

ಹೆಸರಿಲ್ಲದ ಪುಡಿಯಿಂದ ಗುಣವಾಯಿತು ಎಂಬ ಮಾತೂ ಕೇಳಿರುತ್ತೀರಿ. ಅಂಥ ಕೆಲವು ಪುಡಿಗಳನ್ನು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಅದೇ ಹಳೆಯ ಫಿನೊಬಾರ್ಬಿಟಾಲ್. ಮಂಕು ಬೇಡ ಎಂದು ಓಡಿಹೋದವರು ಎಲ್ಲಕ್ಕಿಂತ ಮಂಕು ತರುವ ಮಾತ್ರೆಯನ್ನೇ, ಡೋಸ್ ಎಷ್ಟೆಂದು ತಿಳಿಯದೆ ನುಂಗುತ್ತಿದ್ದರು.

ಜೂನ್ ಬರುವ ಮುಂಚೆ

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದು ನಮಗೆಲ್ಲ ನೆನಪಿದೆ. ಮಳೆಗಾಲದಲ್ಲಿ ಮಾತ್ರೆ ಮುಗಿದ ದಿನವೇ ಪೇಟೆಗೆ ಹೋಗುತ್ತೇನೆ ಅನ್ನುವ ಹಾಗಿಲ್ಲ. ಲೆವೆಟಿರಾಸಿಟಮ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಆರರಿಂದ ಎಂಟು ಗಂಟೆ ಸಾಕು. ಫಿನೊಬಾರ್ಬಿಟಾಲ್‌ಗೆ ಮೂರ್ನಾಲ್ಕು ದಿನ ಬೇಕು. ಅಂದರೆ ಕೆಲವು ಮಾತ್ರೆಗಳಿಗೆ ಒಂದು ದಿನದ ತಡವೂ ತಡವೇ. ಮೇ ತಿಂಗಳಲ್ಲೇ ಡಾಕ್ಟರ ಹತ್ತಿರ ಚೀಟಿ ಬರೆಸಿ ಒಂದು ತಿಂಗಳಿನದು ಜಾಸ್ತಿ ತಂದಿಡಿ.

ವಾಲ್ಪ್ರೊಯೇಟ್ ಆಗಿದ್ದರೆ ಇನ್ನೊಂದು ವಿಷಯ. ಅದು ಗಾಳಿಯ ತೇವ ಹೀರುವ ಮಾತ್ರೆ. ವಾರದ ಮಾತ್ರೆಯನ್ನು ಒಟ್ಟಿಗೆ ಬಿಡಿಸಿ ಡಬ್ಬಿಯಲ್ಲಿ ಹಾಕಿಟ್ಟರೆ, ಗೋಡೆಗೂ ಪಾಚಿ ಹಿಡಿಯುವ ನಮ್ಮ ಜುಲೈನಲ್ಲಿ ಅಂಟಂಟಾಗಿಬಿಡುತ್ತದೆ. ಸ್ಟ್ರಿಪ್ಪಿನಲ್ಲೇ ಇರಲಿ, ನುಂಗುವ ಹೊತ್ತಿಗೆ ಒಂದೊಂದೇ ಒಡೆದುಕೊಳ್ಳಿ.